ಪ್ರಭುಲಿಂಗನ ಮುಂದಿನ ತಾರೀಖಿನ ಚೆಕ್ಕು

ನಮ್ಮ ಬನಹಟ್ಟಿಯ ಪ್ರಭುಲಿಂಗ ನೂಲು ಕೊಳ್ಳುವುದನ್ನು ಒಮ್ಮೆ ನೋಡಬೇಕು. ಎಳೆ ಬಿಡಿಸಿ ಬೆಳಕಿಗೆ ಹಿಡಿಯುತ್ತಾನೆ, ಜಗ್ಗುತ್ತಾನೆ, ಹಲ್ಲಿಗಿಟ್ಟು ಕಡಿಯುತ್ತಾನೆ, ಆಮೇಲೆ ಅಂಗಡಿಯವನ ಮುಖವನ್ನು ಒಂದು ನಿಮಿಷ ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ‘ಬ್ಯಾಡ’ ಎಂದು ಎದ್ದು ಬರುತ್ತಾನೆ. ಇಂಥವನು ಫೋನಿನಲ್ಲಿ ಕಂಡ ಒಂದು ಫೋಟೋಕ್ಕೆ ಮರುಳಾದ ಎಂದರೆ ಯಾರು ನಂಬಬೇಕು? ನಾನಂತೂ ನಂಬಲಿಲ್ಲ.

ನಾನು ಅವನ ಪಕ್ಕದ ಮನೆಯವನು, ಒಂದೇ ಸಾಲೆಯಲ್ಲಿ ಕಲಿತವನು, ಮಾಸ್ತರಿಕೆ ಮಾಡಿ ನಿವೃತ್ತನಾದವನು. ಅವನು ಕೈಮಗ್ಗದಲ್ಲಿ ಸೀರೆ ನೇಯುತ್ತಾನೆ. ಹೆಂಡತಿ ಅನಸವ್ವ ನಲವತ್ತು ವರ್ಷದಿಂದ ರಾಟಿ ತಿರುಗಿಸಿ ಕಂಡಿಕೆ ಸುತ್ತುತ್ತಾಳೆ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ. ಅದು ತೀರಿದರೆ ಮಗ್ಗ ನಿಂತಿತು. ಹೋದ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಕೈ ಏಳದು. ಡಾಕ್ಟರು ರಾಟಿ ಬಿಡಲು ಹೇಳಿದರು. ಅವಳು ‘ಹೂಂ’ ಎಂದು ಮನೆಗೆ ಬಂದು ಮತ್ತೆ ರಾಟಿಯ ಮುಂದೆಯೇ ಕುಳಿತಳು. ಅದನ್ನು ನೋಡಿ ನೋಡಿ ಪ್ರಭುಲಿಂಗನಿಗೆ ಊಟ ಸೇರದಾಯಿತು. ಒಮ್ಮೆಲೇ ಆರು ಕಂಡಿಕೆ ಸುತ್ತುವ ಕರೆಂಟಿನ ಮಷಿನು ತರಬೇಕು, ಅವಳಿಗೆ ಹೇಳದೆ ತಂದು ಮುಂದಿಡಬೇಕು ಎಂದು ಹಠ ತೊಟ್ಟ. ಬ್ಯಾಂಕಿನಲ್ಲಿ ಇದ್ದದ್ದೇ ನಲವತ್ತೆರಡು ಸಾವಿರ.

ಅಂಥ ಮಷಿನನ್ನು ಪಕ್ಕದ ರಬಕವಿಯಲ್ಲಿ ವೀರಣ್ಣನೆಂಬ ಮಿಸ್ತ್ರಿ ಮಾಡುತ್ತಾನೆ, ನಡೆದುಕೊಂಡೇ ಹೋಗಬಹುದು. ನಾನು ಅದನ್ನೇ ಹೇಳಿದೆ. ಆದರೆ ರಬಕವಿ ಅನಸವ್ವನ ತವರೂರು.

“ಮಾವನ ಊರಾಗ ಹೋಗಿ ಚೌಕಾಶಿ ಮಾಡ್ಲೇನು ಮಾಸ್ತರ? ನಾಳೆ ಊರ ತುಂಬ ಅಳ್ಯಾ ಪೈಸಾಕ್ಕ ಜಗಳಾಡಿದ ಅಂತ ಮಾತಾಗ್ತೈತಿ!”

ಅಳಿಯತನದ ಈ ಠೀವಿ ಅವನನ್ನು ಫೋನಿನ ಜಾಹೀರಾತಿಗೆ ತಂದು ನಿಲ್ಲಿಸಿತು. ಯಾವುದೋ ದೂರದ ಊರಿನ ಕಂಪನಿಯಂತೆ, ಹೊಳೆಯುವ ಮಷಿನಂತೆ, ಅರ್ಧ ಬೆಲೆಯಂತೆ. ಫೋನಿನಿಂದ ದುಡ್ಡು ಕಳಿಸಲು ಮಾತ್ರ ಇವನು ಒಪ್ಪಲಿಲ್ಲ. “ಫೋನಿನ್ಯಾಗ ರೊಕ್ಕ ಕಳಸೂದಂದ್ರ ಗಾಳಿಗೆ ತೂರಿದಂಗ. ಚೆಕ್ ಅಂದ್ರ ಕಾಗದ ಐತಿ, ಸಹಿ ಐತಿ” ಎಂದು ನನಗೇ ಪಾಠ ಹೇಳಿದ. ಚೆಕ್ಕಾದರೂ ನಡೆಯುತ್ತದೆ ಎಂದು ಆ ಕಡೆಯವನು ಖುಷಿಯಿಂದಲೇ ಒಪ್ಪಿದ. ಪ್ರಭುಲಿಂಗ ನಲವತ್ತೆರಡು ಸಾವಿರದ ಚೆಕ್ಕು ಬರೆದು, ಸಹಿ ಹಾಕಿ, ಕೊರಿಯರ್ ಮಾಡಿದ.

ಇಲ್ಲಿ ನಮ್ಮ ಊರಿನ ಒಂದು ರೂಢಿ ಹೇಳಬೇಕು. ಬನಹಟ್ಟಿಯ ಸೀರೆ ವ್ಯಾಪಾರದಲ್ಲಿ ಅಂದಿನ ಚೆಕ್ಕನ್ನು ಅಂದೇ ಯಾರೂ ಕೊಡುವುದಿಲ್ಲ. ಸಾಹುಕಾರ ಸೀರೆ ಒಯ್ದರೆ ಎರಡು ತಿಂಗಳ ಮುಂದಿನ ತಾರೀಖು, ನೇಕಾರ ನೂಲು ತಂದರೂ ಅಷ್ಟೇ. ಪ್ರಭುಲಿಂಗನ ಕೈಗೆ ಬೇರೆ ತಾರೀಖು ಬರೆದು ಗೊತ್ತೇ ಇಲ್ಲ. ಜೂನ್ ಮೊದಲ ವಾರದಲ್ಲಿ ಕುಳಿತು, ಯೋಚನೆಯನ್ನೇ ಮಾಡದೆ, ಆಗಸ್ಟ್ ಹತ್ತು ಎಂದು ಬರೆದಿದ್ದ.

ಚೆಕ್ಕು ಮುಟ್ಟಿದ ದಿನ ಆ ಕಡೆಯವನ ಫೋನು ಬಂತು. ನಾನು ಕಟ್ಟೆಯ ಮೇಲೇ ಇದ್ದೆ. ತಾರೀಖು ತಪ್ಪಾಗಿದೆ, ಇಂದಿನದು ಹಾಕಿ ಇನ್ನೊಂದು ಕಳಿಸು ಎಂದು ಅವನು ಹಿಂದಿಯಲ್ಲಿ ಕೂಗಾಡಿದ. ಪ್ರಭುಲಿಂಗ ತನಗೆ ಬಂದಷ್ಟು ಹಿಂದಿಗೆ ಬನಹಟ್ಟಿಯ ಕನ್ನಡ ಕೂಡಿಸಿ ತಿರುಗಿ ಕೂಗಿದ. “ತಪ್ಪಲ್ಲೋ ಮಾರಾಯಾ, ನಮ್ಮ ಪದ್ಧತೀನ ಹಂಗ! ಮೊದಲ ಮಾಲ ಕಳಸು, ಎರಡ ತಿಂಗಳ ನಡಿಸಿ ನೋಡ್ತೇವಿ, ಆಮ್ಯಾಲ ಚೆಕ್ ಪಾಸ್ ಆಗ್ತೈತಿ. ಇಷ್ಟೂ ಗೊತ್ತಿಲ್ದ ಹ್ಯಾಂಗ ವ್ಯಾಪಾರ ಮಾಡ್ತಿ ನೀ?” ಅರ್ಧ ಗಂಟೆ ನಡೆಯಿತು ಈ ಉಪದೇಶ. ಕೊನೆಗೆ ಆ ಕಡೆಯವನು ಆಗಲಿ ಎಂದು ಫೋನಿಟ್ಟ. ಪ್ರಭುಲಿಂಗ ಗೆದ್ದವನಂತೆ ಮೀಸೆ ಮುಟ್ಟಿಕೊಂಡ.

ಆರನೆಯ ದಿನ ಬ್ಯಾಂಕಿನಿಂದ ಕರೆ ಬಂತು. ಇಬ್ಬರೂ ಹೋದೆವು. ಮೃಣ್ಮಯಿ ಎಂಬ ಅಧಿಕಾರಿ ಚೆಕ್ಕಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ತಾರೀಖಿನಲ್ಲಿ ಆಗಸ್ಟ್ ತಿಂಗಳ ಎಂಟನ್ನು ಕೆರೆದು ಜೂನ್ ತಿಂಗಳ ಆರು ಮಾಡಿದ್ದರು.

“ನೀವ ತಿದ್ದೀರೇನ್ರೀ ಕಾಕಾ?”

“ನಾನಾ? ಮೂವತ್ತು ವರ್ಷದಾಗ ಚೆಕ್ಕಿನ ಮ್ಯಾಲ ಒಂದ ಗೀಟ ತಿದ್ದಿಲ್ಲವಾ!”

“ಹಂಗಾದ್ರ ಇದು ಮೋಸ. ಚೆಕ್ ವಾಪಸ್ ಕಳಸ್ತೇನಿ, ರೊಕ್ಕ ಎಲ್ಲೂ ಹೋಗಿಲ್ಲ. ಅವತ್ತಿನ ತಾರೀಖ ಹಾಕಿ ಕೊಟ್ಟಿದ್ರ ನಮಗ ಸುಳಿವ ಸಿಗತಿದ್ದಿಲ್ಲ. ಚೆಕ್ಕಿನ್ಯಾಗ ನಿಮ್ಮ ಹೆಸರ ಅದ, ಖಾತೆ ನಂಬರ ಅದ, ಸಹಿ ಅದ. ಗುರ್ತಿಲ್ಲದವರ ಕೈಯಾಗ ಅದನ್ನ ಕೊಡೂದಂದ್ರ ಮನಿ ಕೀಲಿ ಕೊಟ್ಟಂಗ. ಉಳದ ಚೆಕ್‌ಬುಕ್ ಇಲ್ಲೇ ಬಿಡ್ರಿ, ಪೊಲೀಸರಿಗೂ ಒಂದ ಅರ್ಜಿ ಕೊಡ್ರಿ.”

ಪ್ರಭುಲಿಂಗ ಚೆಕ್‌ಬುಕ್ ತೆಗೆದು ಅವಳ ಮೇಜಿನ ಮೇಲಿಟ್ಟ. ಆ ಕಂಪನಿಗೆ ಫೋನು ಹಚ್ಚಿದರೆ ಬಂದ್. ಜಾಹೀರಾತೂ ಮಾಯ.

ಇನ್ನು ಅನಸವ್ವನಿಗೆ ಹೇಳದೆ ಗತಿಯಿರಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದ. ಅವಳು ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆವು, ನಗುತ್ತಿದ್ದಳು.

“ನೂಲ ತರೂಮುಂದ ಎಳಿ ಎಳಿ ಕಡದ ನೋಡ್ತೀರಿ. ಮಷಿನ್ ಫೋಟೋದಾಗ ನೋಡಿ ತಗೊಂಡ್ರಿ? ನನ್ನ ಭುಜಾ ನೋಯೂದು, ನನ್ನ ಒಂದ ಮಾತ ಕೇಳಬಾರ್ದಿತ್ತಾ? ಏಳ್ರಿ, ರಬಕವಿಗೆ ನಾನೇ ಬರ್ತೇನಿ.”

ವೀರಣ್ಣನ ವರ್ಕ್‌ಶಾಪಿನಲ್ಲಿ ಅವಳು ಮನೆಯಿಂದ ತಂದ ನೂಲನ್ನೇ ಮಷಿನಿಗೆ ಹಚ್ಚಿಸಿದಳು. ಮೊದಲನೆಯದರಲ್ಲಿ ಎಳೆ ಹರಿಯಿತು. ಎರಡನೆಯದು ಕಂಡಿಕೆಯನ್ನು ಸಡಿಲ ಸುತ್ತಿತು. ಮೂರನೆಯದನ್ನು ಆರಿಸಿ, ತವರೂರಿನ ಮಗಳೆಂಬ ಸಲಿಗೆಯಿಂದ ಎರಡು ಸಾವಿರ ಇಳಿಸಿ ನಲವತ್ತು ಸಾವಿರಕ್ಕೆ ಒಪ್ಪಿಸಿ, ಮೇಲೆ ಚಹಾ ಕುಡಿದು ಎದ್ದಳು. ಅಳಿಯ ಮಾತ್ರ ಬಾಗಿಲ ಹೊರಗೆ ನಿಂತು ರಸ್ತೆ ನೋಡುತ್ತಿದ್ದ.

ಮಷಿನು ಮನೆಗೆ ಬಂದ ಮರುದಿನ ಇಡೀ ದಿನದ ಕಂಡಿಕೆ ಊಟದ ಹೊತ್ತಿಗೇ ಸುತ್ತಿ ಮುಗಿದವು. ಉಂಡು ಅನಸವ್ವ ಮಗ್ಗದ ಪಕ್ಕ ಚಾಪೆ ಹಾಸಿ, ಬಲಗೈಯನ್ನು ದಿಂಬಿನ ಮೇಲಿಟ್ಟು ಮಲಗಿದಳು. ನಲವತ್ತು ವರ್ಷದಲ್ಲಿ ಅವಳು ಹಗಲು ಮಲಗಿದ್ದನ್ನು ಪ್ರಭುಲಿಂಗ ಕಂಡಿರಲಿಲ್ಲ. ಅವನಿಗೆ ಕಣ್ತುಂಬಿ ಬಂತು. ಎಚ್ಚರವಾದೀತೆಂದು ಮೆಲ್ಲಗೆ ಲಾಳಿ ಹಿಡಿದು ಮಗ್ಗ ನಿಲ್ಲಿಸಿದ. ತಕ್ಷಣ ಅವಳು ಕಣ್ಣು ತೆರೆದಳು.

“ಯಾಕ ನಿಂದರಿಸಿದ್ರಿ?”

“ನೀ ಮಲಗಿದ್ಯಲ್ಲಾ, ಅದಕ್ಕ.”

“ಆ ಸಪ್ಪಳ ಇಲ್ಲಂದ್ರ ನನಗ್ಹ್ಯಾಂಗ ನಿದ್ದಿ ಹತ್ತಬೇಕ್ರಿ? ನಡಸ್ರಿ” ಎಂದು ಅವಳು ಮಗ್ಗುಲಾದಳು. ಪ್ರಭುಲಿಂಗ ಮತ್ತೆ ನೇಯತೊಡಗಿದ. ಅಂದು ಸಂಜೆ, ಅವಳಿನ್ನೂ ನಿದ್ದೆಯಲ್ಲಿದ್ದಾಗ, ನಾನು ಚಹಾಕ್ಕೆ ಕರೆದರೂ ಅವನು ಮಗ್ಗ ಬಿಟ್ಟು ಏಳಲಿಲ್ಲ.