ಸಲಹೆ ಕೊಡದವರ ಸಂಘ

ನಮ್ಮ ತಿಪಟೂರಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಓದಿ ಪಾಸಾದವರ ವಿಷಯ ಹೇಳುತ್ತಿಲ್ಲ. ನನ್ನ ಮಗಳು ಸಿಂಧುವಿನ ಕೈ ಹಿಡಿದುಕೊಂಡು ತರಕಾರಿ ಅಂಗಡಿಯವರೆಗೆ ಹೋಗಿ ಬನ್ನಿ, ನಿಮಗೇ ತಿಳಿಯುತ್ತದೆ. ಅವಳಿಗೆ ಇಪ್ಪತ್ತು ದಾಟಿದೆ, ಆಟಿಸಂ ಇದೆ. ಮಾತು ಕಡಿಮೆ, ಖುಷಿಯಾದರೆ ನಡುರಸ್ತೆಯಲ್ಲೇ ಕೈ ಒದರುತ್ತ ಕುಪ್ಪಳಿಸುತ್ತಾಳೆ. ಅಷ್ಟಾದರೆ ಸಾಕು, ಚಿಕಿತ್ಸೆ ಶುರು. ಸೊಪ್ಪಿನಾಕೆ ಒಂದೆಲಗದ ರಸ ಕುಡಿಸಿ ಅನ್ನುತ್ತಾಳೆ. ಹಾಲಿನ ಡೈರಿಯವರು ಹಾಲು ಬಿಡಿಸಿ ಅನ್ನುತ್ತಾರೆ. 'ಒಂದು ಮದ್ವೆ ಮಾಡ್ಬುಡಿ, ಎಲ್ಲಾ ಸರಿಹೋಯ್ತದೆ' ಎಂದವರಂತೂ ಹೆಂಡತಿಯ ಜೊತೆ ಮಾತು ಬಿಟ್ಟು ವರ್ಷಗಳಾದ ಒಬ್ಬ ಮಹನೀಯರು.

ಇಷ್ಟು ಜನ ತಜ್ಞರ ನಡುವೆ ನನಗೆ ಬೇಕಾಗಿದ್ದದ್ದು ಒಂದೇ: ಏನೂ ಗೊತ್ತಿಲ್ಲದ ನಾಲ್ಕು ಜನ. ನನ್ನ ಹಾಗೇ ಇಂಥ ಮಕ್ಕಳನ್ನೋ ತಮ್ಮಂದಿರನ್ನೋ ನೋಡಿಕೊಳ್ಳುತ್ತ ಸುಸ್ತಾದವರು. ಅವರನ್ನೆಲ್ಲ ಒಂದು ಕಡೆ ಕೂರಿಸಿ ಟೀ ಕುಡಿಯೋಣ ಎಂದುಕೊಂಡೆ. ಬಾಯಿ ತಪ್ಪಿ ಅದಕ್ಕೆ 'ಸಂಘ' ಎಂದುಬಿಟ್ಟೆ. ಆ ಪದ ನಮ್ಮೂರಿನಲ್ಲಿ ಕಿವಿಗೆ ಬಿದ್ದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ: ಅಧ್ಯಕ್ಷರು ಯಾರು?

ನಮ್ಮ ಬೀದಿಯ ರುದ್ರಪ್ಪನವರು ಅದನ್ನು ಕೇಳಲೂ ಇಲ್ಲ, ನೇರವಾಗಿ ಆದರು. ಅವರು ಹುಟ್ಟಾ ಅಧ್ಯಕ್ಷರು; ಯಾವ ಸಂಘವಾದರೇನು, ಮಿಕ್ಕಿದ್ದೆಲ್ಲ ಅವರಿಗೆ ಸಣ್ಣ ವಿವರ. 'ನೀವೇನೂ ಯೋಚ್ನೆ ಮಾಡ್ಬೇಡಿ ತಾಯಿ, ಉದ್ಘಾಟನೆ ಜವಾಬ್ದಾರಿ ನಂದು' ಎಂದು ಒಂದು ಸಮುದಾಯ ಭವನ, ಒಂದು ಶಾಮಿಯಾನ, ಎರಡು ಸ್ಪೀಕರು, ಬೇಕಾದಷ್ಟು ಹಾರ ಗೊತ್ತು ಮಾಡಿದರು. ಸದ್ದಾದರೆ ನಮ್ಮ ಮಕ್ಕಳಿಗೆ ಆಗುವುದಿಲ್ಲ ಎಂದೆ. 'ಸದ್ದಿಲ್ದೆ ಸಂಘ ಎಂಗಮ್ಮಾ ಆಯ್ತದೆ?' ಎಂದರು.

ಉದ್ಘಾಟನೆಯ ದಿನ ವೇದಿಕೆ ತುಂಬಿತ್ತು, ಕೆಳಗೆ ಕುರ್ಚಿಗಳು ಖಾಲಿ. ಯಾರಿಗಾಗಿ ಸಂಘವೋ ಅವರು ಬಂದದ್ದು ನನ್ನನ್ನು ಬಿಟ್ಟರೆ ಇಬ್ಬರೇ. ಒಬ್ಬಳು ದಂಡಿನಶಿವರದ ಜಯಮ್ಮ, ಎದೆಯೆತ್ತರ ಬೆಳೆದ ಮಗ ಮಧುವಿನ ಮುಂಗೈ ಬಿಗಿಯಾಗಿ ಹಿಡಿದುಕೊಂಡು ಬಂದಿದ್ದಳು. ಇನ್ನೊಬ್ಬ ಹುಳಿಯಾರಿನ ನಾಗರಾಜ, ಖಾಸಗಿ ಬಸ್ಸಿನ ಕಂಡಕ್ಟರು; ಅವನ ಜೊತೆ ಮೀಸೆ ಬಂದ ತಮ್ಮ. ಮಿಕ್ಕವರು ಯಾಕೆ ಬರಲಿಲ್ಲ ಎಂದು ಮುಖ್ಯ ಅತಿಥಿಗಳು ವಿಷಾದ ವ್ಯಕ್ತಪಡಿಸಿದರು. ಮಕ್ಕಳನ್ನು ಬಿಟ್ಟು ಬರುವಂತಿದ್ದರೆ ಈ ಸಂಘವೇ ಬೇಕಿರಲಿಲ್ಲ ಎನ್ನುವುದು ಅವರಿಗೆ ಹೊಳೆಯಲಿಲ್ಲ.

'ಇವರು ದೇವರ ಮಕ್ಕಳು' ಎಂದು ಅತಿಥಿಗಳು ಶುರುಮಾಡಿದರು. ಇರಬಹುದು. ಆದರೆ ದೇವರು ಒಂದು ದಿನವೂ ಬಂದು ಇವರಿಗೆ ಸ್ನಾನ ಮಾಡಿಸಿದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಮೈಕು ಕೀಂಯ್ ಎಂದು ಕಿರುಚಿತು. ಸಿಂಧು ಕಿವಿ ಮುಚ್ಚಿಕೊಂಡು ಬಾಗಿಲಿಗೆ ಓಡಿದಳು. ಮಧು ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳತೊಡಗಿದ. ಜಯಮ್ಮ ತನ್ನ ಅಂಗೈಯನ್ನು ಅವನ ಹಣೆಗೂ ನೆಲಕ್ಕೂ ನಡುವೆ ಇಟ್ಟಳು. ಪೆಟ್ಟೆಲ್ಲ ಅವಳ ಕೈಗೇ. ವೇದಿಕೆಯಿಂದ ಯಾರೋ 'ಆ ಮಗೂನ ಸ್ವಲ್ಪ ಆಚೆ ಕರ್ಕೊಂಡೋಗ್ರಮ್ಮ, ಕಾರ್ಯಕ್ರಮ ನಡೀತಾ ಐತೆ' ಎಂದರು.

ನಾಗರಾಜ ಎದ್ದು ನಿಂತ. 'ನಡೀರಕ್ಕಾ, ನಾವೆಲ್ಲಾ ಆಚೆಗೇ ಹೋಗಾಣ' ಎಂದ, ಸ್ಟಾಪು ಬಂದಾಗ ಪ್ಯಾಸೆಂಜರುಗಳನ್ನು ಇಳಿಸುವಷ್ಟೇ ಸಹಜವಾಗಿ. ಅವನೂ ಜಯಮ್ಮನೂ ಸೇರಿ ಮಧುವನ್ನು ಎಬ್ಬಿಸಿಕೊಂಡು ಹೊರಟರು, ನಾಗರಾಜನ ತಮ್ಮ ಹಿಂದೆಯೇ ಬಂದ. ನಾನು ಸಿಂಧುವಿನ ಹಿಂದೆ ಓಡಿದೆ. ನಮ್ಮ ತೋಟ ಅಲ್ಲಿಂದ ಹತ್ತಿರ. ತೆಂಗಿನ ಮರಗಳ ಕೆಳಗೆ ಚಾಪೆ ಹಾಸಿದೆ. ಮಧು ಒಣಗರಿ ಎಳೆದಾಡುತ್ತ ಸಮಾಧಾನವಾದ. ಸಿಂಧು ತೋಟದ ಮನೆಯ ಅಟ್ಟದಿಂದ ತಂದಿಟ್ಟಿದ್ದ ಒಣಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳುತ್ತ ಕೂತಳು. ಅತ್ತ ಭವನದಲ್ಲಿ ಫಲಾನುಭವಿಗಳೇ ಇಲ್ಲದೆ ಸಂಘ ಉದ್ಘಾಟನೆಯಾಯಿತು. ಚೆನ್ನಾಗಿ ಆಯಿತಂತೆ.

ಅಂದಿನಿಂದ ಭಾನುವಾರಗಳಲ್ಲಿ ತೋಟದಲ್ಲಿ ಸೇರುತ್ತೇವೆ. ಇರುವುದು ಒಂದೇ ನಿಯಮ: ಕೇಳದೆ ಸಲಹೆ ಕೊಟ್ಟವರು ಟೀ ಲೋಟ ತೊಳೆಯಬೇಕು. ನಿಯಮ ಮಾಡಿದವಳು ನಾನು, ಹೆಚ್ಚು ಲೋಟ ತೊಳೆದವಳೂ ನಾನೇ. ನಾಲಿಗೆ ಈ ಊರಿನದೇ ತಾನೆ?

ಒಂದು ಭಾನುವಾರ ನಾಗರಾಜ ಹೇಳಿದ: 'ಮೂರು ಜನ ಇದೀವಿ. ಇಬ್ಬರು ಈ ಮೂವರನ್ನೂ ನೋಡ್ಕಳಾಣ, ಒಬ್ಬರು ಎಲ್ಲಾದ್ರೂ ಹೋಗ್ಬರ್ಲಿ. ಮೊದ್ಲು ಜಯಮ್ಮ ಹೋಗ್ಲಿ.'

ಜಯಮ್ಮ ಗಾಬರಿಯಾದಳು. 'ನಾನೆಲ್ಲಿಗೆ ಹೋಗ್ಲಣ್ಣ?'

ಅದು ಒಯ್ಯಾರದ ಪ್ರಶ್ನೆಯಲ್ಲ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಮಧು ಹುಟ್ಟಿದ ಮೇಲೆ ಅವಳು ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ. ಗೇಟಿನವರೆಗೆ ಹೋದಳು, ತಿರುಗಿ ನೋಡಿದಳು, ಮತ್ತೆ ನಡೆದಳು. ಮಧು ಗೇಟು ಹಿಡಿದು ಕೂಗಿದ. ನಾಗರಾಜ ಅವನನ್ನು ಮುಟ್ಟಲಿಲ್ಲ, ಸುಮ್ಮನಿರಿಸಲೂ ಇಲ್ಲ. ಪಕ್ಕದಲ್ಲಿ ತಾನೂ ಗೇಟು ಹಿಡಿದು ನಿಂತ. ಕೂಗು ನಿಂತ ಮೇಲೆ ಇಬ್ಬರೂ ತೆಂಗಿನ ಸಾಲುಗಳ ನಡುವೆ ಸುತ್ತು ಹಾಕಿದರು.

ಹೊತ್ತು ಇಳಿದರೂ ಜಯಮ್ಮ ಬರಲಿಲ್ಲ. ಫೋನೂ ಎತ್ತಲಿಲ್ಲ. ನನ್ನ ತಲೆಯಲ್ಲಿ ಬರಬಾರದ್ದೆಲ್ಲ ಬಂದುಹೋಯಿತು. ಕೊನೆಗೆ ಗೇಟಿನ ಸದ್ದಾಯಿತು. ಅವಳ ಕಣ್ಣುಗಳು ಊದಿದ್ದವು, ಕೆನ್ನೆಯ ಮೇಲೆ ಬೆಂಚಿನ ಪಟ್ಟಿಯ ಗುರುತು.

'ರೈಲು ನೋಡಾಣ ಅಂತ ಸ್ಟೇಷನ್ನಿಗೆ ಹೋಗಿ ಕೂತೆ ಕಣಕ್ಕ. ನಿದ್ದೆ ಬಂದ್ಬುಡ್ತು. ಒಂದು ರೈಲೂ ನೋಡ್ಲಿಲ್ಲ' ಎಂದಳು. ಅಪರಾಧಿಯಂತೆ ನಿಂತಿದ್ದಳು, ಆದರೆ ಮುಖ ನಗುತ್ತಿತ್ತು. ಮಧು ಅವಳ ಸೆರಗನ್ನೊಮ್ಮೆ ಮೂಸಿ ನೋಡಿ, ತನ್ನ ಗರಿಯ ಕೆಲಸಕ್ಕೆ ವಾಪಸಾದ.

ಆಮೇಲೆ ದಂಡಿನಶಿವರದಲ್ಲಿ ಪಕ್ಕದ ಮನೆಯಾಕೆ ಕೇಳಿದಳಂತೆ: 'ವಾರವಾರ ತಿಪಟೂರಿಗೆ ಹೋಯ್ತೀಯಲ್ಲೇ, ಹುಡುಗ ಏನಾದ್ರೂ ವಾಸಿ ಆದ್ನಾ?'

ಜಯಮ್ಮ ಕೊಟ್ಟ ಉತ್ತರ: 'ಅವನು ಹೆಂಗಿದ್ನೋ ಹಂಗೇ ಅವ್ನೆ ಕಣಕ್ಕ. ನಾನು ಸ್ವಲ್ಪ ವಾಸಿಯಾಗಿದೀನಿ.'