ಹೊಟ್ಟಿನ ಕಾಡು

ಆಗೆಲ್ಲ ಹರಿಹರದ ನಮ್ಮ ಓಣಿಯಲ್ಲಿ ಗೀಸರು ಯಾರ ಮನೆಯಲ್ಲೂ ಇರಲಿಲ್ಲ. ಬಚ್ಚಲಲ್ಲಿ ಹೊಟ್ಟಿನ ಒಲೆ. ತಗಡಿನ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಬಿಗಿಯಾಗಿ ತುಂಬಿ, ಬಾಟಲಿಯನ್ನು ಮೆಲ್ಲಗೆ ಎಳೆದು ಬೆಂಕಿಗೆ ದಾರಿ ಬಿಡುವುದು ನನ್ನ ಕೆಲಸ. ಹೊಟ್ಟು ಕುಸಿದರೆ ಅಮ್ಮಿಯ ಬೈಗುಳ ಗ್ಯಾರಂಟಿ. ಹೊಟ್ಟಿಗೇನೂ ಬರವಿರಲಿಲ್ಲ, ಅಬ್ಬಾ ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಿದ್ದರು. ಅವರ ಅಂಗಿ, ಹುಬ್ಬು, ಊಟದ ಡಬ್ಬಿಗೆಲ್ಲ ಅದರದೇ ವಾಸನೆ. ಎದೆಯೊಳಗೂ ಅದರ ಧೂಳೇ ಹೊಕ್ಕಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯ ಡಾಕ್ಟರು, "ಈ ಧೂಳಿನ ಕೆಲಸ ಬಿಟ್ರಷ್ಟೇ ಉಳೀತೀರಿ" ಎಂದಿದ್ದರು.

"ಬಿಟ್ರೆ ಮನೆ ನಡೆಯೋದು ಹೆಂಗೆ?" ಎಂದು ಅಬ್ಬಾ ವಾಪಸು ಬರುವ ಬಸ್ಸಿನಲ್ಲೇ ಆ ಮಾತು ಮುಗಿಸಿದರು. ನಾನು ಕಿಟಕಿ ಪಕ್ಕ ಕೂತಿದ್ದೆ.

ಆ ಮಳೆಗಾಲ ಶಾಲೆಯ ವಸ್ತುಪ್ರದರ್ಶನಕ್ಕೆ ಪ್ರಪಂಚದ ದೊಡ್ಡ ಕಾಡುಗಳ ನಕ್ಷೆ ಮಾಡುವುದು ನನ್ನ ಪಾಲಿಗೆ ಬಂತು. ಹೊಟ್ಟಿಗೆ ಹಸಿರು ಬಣ್ಣ ಕಲಸಿ ಒಣಗಿಸಿ, ಹಲಗೆಗೆ ಗೋಂದು ಸವರಿ ಉದುರಿಸಿದೆ. ಅಮೆಜಾನ್, ಕಾಂಗೋ, ಸೈಬೀರಿಯಾ ಎಲ್ಲವೂ ಬಚ್ಚಲ ಮೂಲೆಯ ಚೀಲದಿಂದಲೇ ಬಂದವು.

ಕೆಲಸದಿಂದ ಬಂದ ಅಬ್ಬಾ ಬಗ್ಗಿ ನೋಡಿದರು. "ಮಲೇಷ್ಯಾ ಎಲ್ಲೈತೆ ಬೇಟಿ?"

ತೋರಿಸಿದೆ.

"ಇಷ್ಟು ಹಸಿರು ಬ್ಯಾಡ. ಈಗ ನಾವು ಕೊಯ್ಯೋದೆಲ್ಲ ಅಲ್ಲಿನ ಮರಾನೇ. ನಮ್ಮ ಕಡೆ ದಪ್ಪಂದು ಎಲ್ಲಿ ಉಳ್ದಾವೆ? ಅಲ್ಲೀವೂ ಬರ್ತಾ ಬರ್ತಾ ಸಣ್ಣ ಆಗ್ಯಾವೆ."

ಹೇಳುತ್ತಲೇ ಕೆಮ್ಮು ಬಂತು. ಮುಖ ತಿರುಗಿಸಲೂ ಪುರುಸೊತ್ತು ಕೊಡಲಿಲ್ಲ. ಅಂಟದ ಹೊಟ್ಟು ಹಾರಿ ಮಲೇಷ್ಯಾ ಬರೀ ಹಲಗೆಯಾಯಿತು.

"ನೋಡು, ಇದನ್ನೂ ನಾನೇ ಕಡಿದಂಗಾತು" ಎಂದು ನಕ್ಕರು. ನಾನೂ ನಕ್ಕೆ. ಆ ಜಾಗವನ್ನು ಹಾಗೇ ಬಿಟ್ಟೆ.

ಹಿಂಗಾರು ಹಿಡಿಯುವಾಗ ಅಬ್ಬಾ ಹಾಸಿಗೆ ಹಿಡಿದರು. ಹೊಟ್ಟು ತರುವವರಿಲ್ಲದೆ ಚೀಲ ಬರಿದಾಯಿತು. ಅವರು ತೀರಿಕೊಂಡ ಬೆಳಿಗ್ಗೆ, ಕೊನೆಯ ಸ್ನಾನದ ನೀರು ಕಾಯಿಸಲು ನೆರೆಯವರು ಸೌದೆ ತಂದರು. ಮಳೆಗೆ ತೊಯ್ದ ಸೌದೆ, ಹತ್ತಲೇ ಇಲ್ಲ.

"ಅಟ್ಟದ ಮ್ಯಾಲಿನ ನಕ್ಷೆ ತಗಂಬಾ" ಎಂದಳು ಅಮ್ಮಿ.

ಒಡೆದು ಒಲೆಗಿಟ್ಟಳು. ಅಮೆಜಾನ್, ಕಾಂಗೋ ಎಲ್ಲ ಉರಿದು ಅಬ್ಬಾನ ನೀರು ಬೆಚ್ಚಗಾಯಿತು. ನನಗೆ ಅಳು ಬಂದದ್ದು ಆಗಲೇ.

ಈಗ ನನ್ನ ಮನೆಯ ಬಾಗಿಲುಗಳು ಹೊಟ್ಟನ್ನೇ ಒತ್ತಿ ಮಾಡಿದವು. "ಆಗಿನಂಥ ದಿಮ್ಮಿ ಮಲೇಷ್ಯಾದಿಂದಲೂ ಎಲ್ಲಿ ಬರ್ತಾವ್ರಿ ಅಕ್ಕ?" ಎಂದ ಬಡಗಿ. ಅವನು ಚಿಲಕಕ್ಕೆ ತೂತು ಕೊರೆದಾಗ ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮೂಸಿದೆ. ಬರೀ ಗೋಂದಿನ ವಾಸನೆ. ಅಬ್ಬಾನ ಅಂಗಿಯ ವಾಸನೆ ಇರುವ ಮರ ಇನ್ನು ಯಾವ ಕಾಡಿನಲ್ಲಿ ಉಳಿದಿದೆಯೋ, ನನಗೆ ಗೊತ್ತಿಲ್ಲ.