ಮಾತು ಬಿಟ್ಟ ಮಿನೆ

ಮಿನೆಯ ಬಾಯಿಗೆ ಹೆದರದವರು ನಮ್ಮ ದ್ವೀಪದಲ್ಲಿ ಯಾರೂ ಇರಲಿಲ್ಲ. ಅವಳು ಬಂದರಿನ ಈ ತುದಿಯಲ್ಲಿ ನಿಂತು ಮಾತಾಡಿದರೆ ಆ ತುದಿಯಲ್ಲಿ ಬಲೆ ಹೆಣೆಯುವವರು ಉತ್ತರ ಕೊಡುತ್ತಿದ್ದರು. ಮೀನಿನ ದಲ್ಲಾಳಿ ತಕ್ಕಡಿ ಎತ್ತುವ ಮುಂಚೆ ಒಮ್ಮೆ ಅವಳ ಮುಖ ನೋಡಿಕೊಳ್ಳುತ್ತಿದ್ದ. ಇಂಥ ಹೆಂಗಸು ಕಟ್ಟಿಕೊಂಡ ಗಂಡನ ಹತ್ತಿರ ಒಂದು ವರ್ಷಕ್ಕೂ ಮೇಲೆ ತುಟಿ ಬಿಚ್ಚಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು, ಊರೆಲ್ಲ ನೋಡಿದೆ.

ಅದೂ ಒಂದೇ ದೋಣಿಯಲ್ಲಿ ನಿಂತುಕೊಂಡು. ನಮ್ಮ ಕಡೆ ಗಂಡಹೆಂಡಿರು ಜೋಡಿಯಾಗಿಯೇ ಕಡಲಿಗಿಳಿಯುವುದು. ಗಂಡ ಮುಂದೆ ಕೂತು ಗಾಳದ ದಾರ ಬಿಡುತ್ತಾನೆ. ಹೆಂಡತಿ ಹಿಂದೆ ನಿಂತು ಹುಟ್ಟು ಹಾಕುತ್ತ, ಸೆಳೆತಕ್ಕೆ ದೋಣಿ ಕದಲದ ಹಾಗೆ ಹಿಡಿದಿರುತ್ತಾಳೆ. ಮಿನೆಯ ಗಂಡ ಕುಮಾಜೊ ಎಡಗೈ ಎತ್ತಿದರೆ ಎಡಕ್ಕೆ ಹೋಗಬೇಕು, ಭುಜ ಕುಗ್ಗಿಸಿದರೆ ನಿಲ್ಲಬೇಕು. ಎಷ್ಟೋ ವರ್ಷದ ಜೋಡಿ. ಮಾತು ನಿಂತ ಮೇಲೂ ಮೀನು ಮೊದಲಿನ ಹಾಗೇ ಬೀಳುತ್ತಿತ್ತು, ಅದಕ್ಕೇ ಅವಳ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಜಗಳಕ್ಕೆ ಕಾರಣ ಬೆರಳುದ್ದದ ಒಂದು ಮೊಹರು. ಯುದ್ಧದ ಕಾಲ. ಒಬ್ಬನೇ ಮಗ ಹರುಯೊಶಿ, ಮೀಸೆ ಮೂಡುವ ಮುಂಚೆಯೇ ನೌಕಾಪಡೆಗೆ ಸೇರುತ್ತೇನೆಂದು ಹಟ ಹಿಡಿದ. ಅರ್ಜಿಗೆ ಸಹಿಯ ಬದಲು ಅಪ್ಪನ ಮೊಹರು ಬೀಳಬೇಕಿತ್ತು. ಮಿನೆ ಅದನ್ನು ಬಟ್ಟೆಯಲ್ಲಿ ಸುತ್ತಿ, ತೌಡಿನಲ್ಲಿ ಮೂಲಂಗಿ ಹುಳಿ ಹಾಕಿದ್ದ ಪೀಪಾಯಿಯ ತಳದಲ್ಲಿ ಹೂತಿಟ್ಟಳು. ಹುಡುಗ ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ. ಒಂದು ದಿನ ಅವಳು ಗುಡ್ಡದ ಮೇಲಿನ ಗೆಣಸಿನ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಕುಮಾಜೊನ ತೋಳಿಗೆ ಮೊಣಕೈವರೆಗೂ ತೌಡು ಮೆತ್ತಿತ್ತು. ಮಗ ಗಬಗಬ ಉಣ್ಣುತ್ತಿದ್ದ.

"ಹೆತ್ತವಳನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಎಂದಳು ಮಿನೆ. "ಆಯ್ತು. ಇನ್ಮೇಲೆ ನೀವುಂಟು, ನಿಮ್ಮ ಮೊಹರುಂಟು."

ಗಂಡನಿಗೆ ಅವಳು ಆಡಿದ ಕೊನೆಯ ಮಾತು ಅದು. ಆದರೆ ಮಿನೆ ಮಾತಾಡದೆ ಬದುಕುವ ಜೀವವೇ? ಮಗ ಹೋದ ವಾರದಲ್ಲೇ ಒಲೆಯ ಮೇಲಿನ ಕೆಟಲಿಗೆ ಕೆಲಸ ಹತ್ತಿತು.

"ಏ ಕೆಟ್ಲೇ, ಆ ಮನುಷ್ಯನಿಗೆ ಹೇಳು, ಗೆಣಸು ಬೆಂದಿದೆ."

ಕುಮಾಜೊ ಪಾಪದವನು. ಅವನೂ ಕೆಟಲಿನ ಕಡೆಗೇ ತಿರುಗಿ, "ಸ್ವಲ್ಪ ಸಾರೂ ಇದ್ದಿದ್ರೆ ಚೆನ್ನಾಗಿತ್ತು ಅಂತ ಅವಳಿಗೆ ಹೇಳಪ್ಪ" ಎನ್ನುತ್ತಿದ್ದ.

"ಸಾರು ಬೇಕಂತೆ, ಸಾರು. ಮೊಹರು ನೆಕ್ಕೋದಕ್ಕೆ ಹೇಳು."

ಪಕ್ಕದ ಮನೆಯ ಶಿನೊ ಗೋಡೆಯಾಚೆಯಿಂದ ಕಿಸಕ್ಕನೆ ನಗುತ್ತಿದ್ದಳು. "ಮಿನೆಕ್ಕಾ, ಆ ಕೆಟಲನ್ನ ಒಂದಿನ ನಮ್ಮನೆಗೂ ಕಳಿಸು. ನಮ್ಮೋನಿಗೂ ಹೇಳೋದು ಸುಮಾರಿದೆ."

ಬೈದುಕೊಂಡೇ ಮಿನೆ ಸಾರನ್ನೂ ಕಾಯಿಸುತ್ತಿದ್ದಳು, ಅದೂ ನಿಜ. ಗಂಡನ ಬಟ್ಟಲಿಗೆ ಬೀಳುವ ಒಣಮೀನು ಯಾವತ್ತೂ ಒಂದು ತುಂಡು ಹೆಚ್ಚೇ ಇರುತ್ತಿತ್ತು. ಸಿಟ್ಟು ಸಿಟ್ಟೇ, ಆದರೆ ಕಡಲಿಗೆ ಹೋಗುವ ಗಂಡಸನ್ನು ಅರೆಹೊಟ್ಟೆಯಲ್ಲಿ ಕಳಿಸುವ ಹೆಂಗಸಲ್ಲ ಅವಳು.

ಮಗನಿಂದ ಒಂದೇ ಒಂದು ಕಾರ್ಡು ಬಂತು. ಜಲಾಂತರ್ಗಾಮಿಗೆ ಹಾಕಿದ್ದಾರೆ, ಯಾವುದು, ಎಲ್ಲಿ ಎಂದು ಬರೆಯುವಂತಿಲ್ಲ, ಆರೋಗ್ಯ ನೋಡಿಕೊಳ್ಳಿ. ಅಷ್ಟೆ. ನೀರಿನ ಮೇಲೆ ಓಡುವ ಹಡಗಾದರೂ ಆಗಿದ್ದರೆ ಎಂದು ಮಿನೆ ಹಲ್ಲು ಕಚ್ಚಿದಳು.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಕೊಲ್ಲಿಗೇ ಹೊಸ ಜಲಾಂತರ್ಗಾಮಿಯೊಂದು ತಾಲೀಮಿಗೆ ಬಂತು. ಬೆಳಗಾದರೆ ಮುಳುಗುವುದು, ಏಳುವುದು, ಮತ್ತೆ ಮುಳುಗುವುದು. ಆ ಕಡೆ ನೋಡಕೂಡದು ಎಂದು ಪೊಲೀಸರ ಅಪ್ಪಣೆಯಾಗಿತ್ತು. ಊರಿಗೆ ಊರೇ ಬೆನ್ನು ತಿರುಗಿಸಿಕೊಂಡು ಓರೆಗಣ್ಣಲ್ಲಿ ನೋಡುತ್ತಿತ್ತು. ಅದು ಮುಳುಗಿದಾಗಲೆಲ್ಲ ಮಿನೆ ಉಸಿರು ಬಿಗಿಹಿಡಿಯುತ್ತಿದ್ದಳು, ಎದ್ದ ಮೇಲೆ ಬಿಡುತ್ತಿದ್ದಳು. ಹುಟ್ಟಿನ ಲಯ ತಪ್ಪುವುದು ಕುಮಾಜೊಗೆ ತಿಳಿಯುತ್ತಿತ್ತು, ಆದರೂ ಅವನು ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದು ಮುಳುಗಿತು, ಏಳಲಿಲ್ಲ. ಗಾಳಕ್ಕೆ ಸಿಕ್ಕಿದ್ದ ಮೀನನ್ನೂ ಎಳೆಯದೆ ಕುಮಾಜೊ ಅತ್ತಲೇ ನೋಡುತ್ತ ಕೂತ. ಬಿಸಿಲೇರಿತು. ನೀರಿನ ಮೇಲೆ ಎಣ್ಣೆ ಹರಡಿಕೊಂಡಿತು. ಮಿನೆ ಬಾಯಿ ತೆರೆದಳು. ದೋಣಿಯಲ್ಲಿ ಕೆಟಲು ಇರಲಿಲ್ಲ. ಬಾಯಿ ಮುಚ್ಚಿಕೊಂಡಳು.

ನೌಕಾಪಡೆಯವರು ಬಂದು ಕೊಲ್ಲಿಯನ್ನು ಮುಚ್ಚಿದರು. ಅಧಿಕಾರಿಯೊಬ್ಬ ಊರಿನವರನ್ನೆಲ್ಲ ಬಂದರಿನಲ್ಲಿ ನಿಲ್ಲಿಸಿ, ಇಲ್ಲಿ ಏನೂ ಆಗಿಲ್ಲ, ಯಾರೂ ಏನೂ ನೋಡಿಲ್ಲ, ಏನಾದರೂ ತೇಲಿ ಬಂದರೆ ತಂದೊಪ್ಪಿಸಿ ಬಾಯಿ ಮುಚ್ಚಿಕೊಂಡಿರಿ ಎಂದ.

ಗುಂಪನ್ನು ಸೀಳಿಕೊಂಡು ಮಿನೆ ಮುಂದೆ ಬಂದಳು. "ಸ್ವಾಮೀ, ಅದರಲ್ಲಿ ನನ್ನ ಮಗ ಇದ್ನಾ?"

"ಯಾವುದರಲ್ಲಿ?" ಎಂದು ಕೇಳಿದ ಅಧಿಕಾರಿ.

ಹರುಯೊಶಿ ಅದರಲ್ಲಿರಲಿಲ್ಲ. ಯುದ್ಧ ಮುಗಿದ ಮೇಲೆ ಒಣಗಿದ ಸೀಗಡಿಯ ಹಾಗೆ ಮನೆಗೆ ಬಂದ. ಇದು ಈಗ ನಮಗೆ ಗೊತ್ತು. ಆಗ ಅವಳಿಗೆ ಹೇಳುವವರು ಯಾರಿದ್ದರು? ಮನೆಯಲ್ಲಿ ಆ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಮಿನೆ ಕೆಟಲಿನ ಜೊತೆಗೂ ಮಾತು ಬಿಟ್ಟಳು. ಅಷ್ಟಾದ ಮೇಲೆ ಶಿನೊಗೆ ನಗು ಬರಲಿಲ್ಲ. ಸಾರು ಮಾಡಿದಾಗ ಗೋಡೆಯ ಮೇಲೆ ಇವರಿಗೊಂದು ಬಟ್ಟಲು ಇಟ್ಟು ಸುಮ್ಮನೆ ಹೋಗುತ್ತಿದ್ದಳು.

ಕೊಲ್ಲಿ ತೆರೆದ ಮೇಲೆ ಕುಮಾಜೊ ಮತ್ತು ಮಿನೆ ದೋಣಿ ಇಳಿಸಿದರು. ದ್ವೀಪದ ಹಿಂಬದಿಯಲ್ಲಿ ಸೆಳೆತ ಸುತ್ತಿ ಬರುವ ಕಡೆ ಕುಮಾಜೊ ಎಡಗೈ ಎತ್ತಿದ, ಭುಜ ಕುಗ್ಗಿಸಿದ. ನೀರಿನಲ್ಲಿ ಒಂದು ದೇಹವಿತ್ತು. ನೌಕಾಪಡೆಯ ಕೆಲಸದ ಅಂಗಿ. ಮಿನೆ ದೋಣಿಯನ್ನು ಪಕ್ಕಕ್ಕೆ ಹಿಡಿದಳು. ಕುಮಾಜೊ ಬಗ್ಗಿ, ಕೈ ತಾಗಿಸದೆ ಅದರ ಮುಖ ನೋಡಿದ. ಆಮೇಲೆ, ವರ್ಷವಿಡೀ ತಿರುಗದವನು, ಹಿಂದಕ್ಕೆ ತಿರುಗಿ ಹೆಂಡತಿಗೆ ಇಲ್ಲ ಎಂದು ತಲೆಯಾಡಿಸಿದ.

ಹರುಯೊಶಿ ಅಲ್ಲ. ಯಾರದೋ ಮನೆಯ ಹುಡುಗ, ಹೆಚ್ಚು ಕಡಿಮೆ ಅದೇ ವಯಸ್ಸು.

ಕಡಲಲ್ಲಿ ಸಿಕ್ಕವರನ್ನು ನಾವು ಹೆಣ ಎನ್ನುವುದಿಲ್ಲ, ಎಬಿಸು ಎನ್ನುತ್ತೇವೆ. ಮೀನು ಕೊಡುವ ದೇವರ ಹೆಸರು ಅದು. ಎಬಿಸುವನ್ನು ಬಿಟ್ಟು ಬರುವಂತಿಲ್ಲ, ಹಾಗೆಂದು ಕೇಳದೆ ಎತ್ತಿಕೊಳ್ಳುವಂತೆಯೂ ಇಲ್ಲ. ಮುಂದಿರುವವನು ಕೇಳಬೇಕು, ಹಿಂದಿರುವವರು ಆ ಸತ್ತವನ ಬಾಯಾಗಿ ಉತ್ತರಿಸಬೇಕು. ಉತ್ತರ ಬರದೆ ಯಾರೂ ದೇಹಕ್ಕೆ ಕೈಹಾಕಿದ್ದಿಲ್ಲ. ಸುತ್ತ ಬೇರೆ ದೋಣಿಯಿರಲಿಲ್ಲ. ಉತ್ತರಿಸುವುದಿದ್ದರೆ ಮಿನೆಯೇ ಉತ್ತರಿಸಬೇಕಿತ್ತು, ಅದೂ ನೇರ ಕುಮಾಜೊಗೆ.

"ನಮಗೆ ಮೀನು ಕೊಡ್ತೀಯಾ?" ಎಂದು ಕುಮಾಜೊ ನೀರಿಗೆ ಕೇಳಿದ. "ಕೊಡೋದಾದ್ರೆ ದಡಕ್ಕೆ ಕರ್ಕೊಂಡು ಹೋಗ್ತೀವಿ."

ಕೊಡ್ತೀನಿ ಎಂದರೆ ಮುಗಿಯಿತು. ಮಿನೆಗೆ ಅನ್ನಬೇಕೆನಿಸಿತು, ದೇವರಾಣೆಗೂ ಅನಿಸಿತು. ಆದರೆ ಆ ಉತ್ತರ ಹೋಗಿ ಸೇರುವುದು ಮೊಹರು ಒತ್ತಿದವನಿಗೆ. ಕುಮಾಜೊ ಇನ್ನೊಮ್ಮೆ ಕೇಳಿದ. ಸೆಳೆತ ಹುಡುಗನನ್ನು ದೋಣಿಯಿಂದ ಒಂದು ಮೊಳ ದೂರ ಒಯ್ದಿತು. ಮಿನೆ ಹುಟ್ಟು ಹಾಕಿ ದೋಣಿಯನ್ನು ಮತ್ತೆ ಪಕ್ಕಕ್ಕೆ ತಂದಳು, ಬಾಯಿ ಮಾತ್ರ ತೆರೆಯಲಿಲ್ಲ.

ಕುಮಾಜೊ ನೀರಿನ ಕಡೆಗೆ ಇನ್ನಷ್ಟು ಬಗ್ಗಿದ. ಆಮೇಲೆ ಯಾವ ಪದ್ಧತಿಯಲ್ಲೂ ಇಲ್ಲದ ಮಾತನ್ನು ಕೇಳಿದ.

"ಮಗಾ, ಇಲ್ಲಿಗೆ ನಿನ್ನನ್ನ ಕಳಿಸಿದ್ದು ಯಾರು?"

ಹಿಂದಿನಿಂದ ಒಡಕು ದನಿ ಬಂತು. "ನಮ್ಮಪ್ಪ."

ಕುಮಾಜೊನ ಬೆನ್ನು ಕುಸಿಯಿತು. ಮುಖ ನೀರಿನ ಕಡೆಗೇ ಇತ್ತು. "ಅಪ್ಪನ ಮೇಲೆ ಸಿಟ್ಟಿದೆಯಾ?"

ಈ ಪ್ರಶ್ನೆಗೆ ಮಿನೆಯ ಹತ್ತಿರ ಉತ್ತರ ಬೇಕಾದಷ್ಟಿತ್ತು. ಒಂದು ವರ್ಷ ಅದನ್ನೇ ಮಸೆದಿದ್ದಳು. ಆದರೆ ಅದು ಅವಳ ಉತ್ತರ, ಈ ಹುಡುಗನದಲ್ಲ. ಅವಳು ಅವನ ಮುಖ ನೋಡಿದಳು. ನೀರಲ್ಲಿ ನೆನೆದು ಬೆಳ್ಳಗಾದ ಬೆರಳು ನೋಡಿದಳು. ಇವನಿಗೆ ಈಗ ಯಾರ ಮೇಲೆ ಸಿಟ್ಟಿರುತ್ತದೆ, ಏನು ಬೇಕಾಗಿರುತ್ತದೆ ಎಂದು ಯೋಚಿಸಿದಾಗ ಅವಳ ಕಣ್ಣು ತುಂಬಿ ಬಂತು.

"ಇಲ್ಲಪ್ಪ," ಎಂದಳು. "ನಾನೇ ಹಟ ಮಾಡಿದ್ದೆ. ಸಿಟ್ಟಿಲ್ಲ. ತುಂಬ ಚಳಿ ಆಗ್ತಿದೆ ಅಪ್ಪಾ, ಎತ್ಕೋ."

ಕುಮಾಜೊ ಬಿಕ್ಕಿ ಬಿಕ್ಕಿ ಅಳುತ್ತಲೇ ಎರಡೂ ತೋಳು ನೀರಿಗಿಳಿಸಿದ. ಮಿನೆ ಹುಟ್ಟು ಕಟ್ಟಿ ಮುಂದೆ ಓಡಿ ಹುಡುಗನ ಕಾಲು ಹಿಡಿದಳು. ಇಬ್ಬರೂ ಸೇರಿ ಹುಡುಗನನ್ನು ಮೇಲೆತ್ತಿಕೊಂಡರು. ಮಿನೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವನ ಮುಖ ಒರೆಸಿದಳು. ಮತ್ತೆ ತನ್ನ ಜಾಗಕ್ಕೆ ಹೋಗಿ ದೋಣಿಯನ್ನು ಊರ ಕಡೆ ತಿರುಗಿಸಿದಳು. ಅಲೆಗೆ ದೋಣಿ ಕುಲುಕಿತು, ಹುಡುಗನ ತಲೆ ಹಲಗೆಗೆ ತಾಗಿತು.

"ರೀ," ಎಂದಳು ಮಿನೆ, ತನ್ನದೇ ದನಿಯಲ್ಲಿ. "ಬರೀ ಹಲಗೆ ಮೇಲೆ ಮಲಗಿಸ್ಬೇಡಿ. ತಲೆ ತೊಡೆ ಮೇಲೆ ಇಟ್ಕೊಳ್ಳಿ."